ನಮ್ಮ ಬೋರಿನ ನೀರಿನ ಅಂಕಿ ನಮಗೆ ಹೇಳಿರಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ಹದಿನೈದು ವರ್ಷ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಹೋದ ತಿಂಗಳು ಮಗಳನ್ನು ನೋಡಲು ಹುಬ್ಬಳ್ಳಿ ಕಡೆಯವರು ಬಂದಿದ್ದರು. ಬಿ.ಇಡಿ ಮುಗಿಸಿದ ಹುಡುಗಿ. ಚಹಾ ಕೊಟ್ಟು ಕುಳಿತಳು, ಹೆಸರು ಕೇಳಿದರು, ಹೇಳಿದಳು. ಬಾಯಿ ತೆರೆದದ್ದೇ ತಡ, ಹುಡುಗನ ಚಿಕ್ಕಮ್ಮ ನನ್ನ ಕಡೆ ತಿರುಗಿ, "ನಿಮ್ಮ ಹುಡುಗಿ ಗುಟ್ಕಾ ತಿಂತಾಳೇನ್ರಿ?" ಎಂದರು. ತುಂಬಿದ ಪಡಸಾಲೆಯಲ್ಲಿ, ಎಲ್ಲರ ಮುಂದೆ. ಒಳಗೆ ಹೋದ ಮಗಳು ಅವತ್ತು ಊಟ ಮಾಡಲಿಲ್ಲ. ಅಡಿಕೆಯ ಚೂರನ್ನೂ ಬಾಯಿಗೆ ಹಾಕಿದವಳಲ್ಲ. ಅವಳ ಹಲ್ಲಿನ ಕಂದು ಗೆರೆಗಳು ನಮ್ಮೂರ ಬೋರಿನ ನೀರಿನವು, ಆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣದವು.

ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಗೊತ್ತಿದ್ದೂ ನಮಗೆ ಹೇಳದವರ ಮೇಲೆ. ಮಗಳು ಮೂರನೇ ಇಯತ್ತೆಯಲ್ಲಿದ್ದಾಗ ಒಂದು ವಿಶ್ವವಿದ್ಯಾಲಯದ ಹುಡುಗರು ಜೀಪಿನಲ್ಲಿ ಬಂದರು. ಬೋರಿನ ನೀರನ್ನು ಬಾಟಲಿಗಳಲ್ಲಿ ತುಂಬಿ ಚೀಟಿ ಅಂಟಿಸಿದರು. ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ನೋಡಿ ಬರೆದುಕೊಂಡರು. "ಅವ್ವಾ, ನನ್ನ ಹಲ್ಲಿನ ಫೋಟೋ ತಗೊಂಡ್ರು" ಎಂದು ಮಗಳು ಮನೆಗೆ ಕುಣಿಯುತ್ತ ಬಂದಿದ್ದಳು. ಅವರಿಗೆ ಚಹಾ, ಚುರುಮರಿ ಕೊಟ್ಟು ಕಳಿಸಿದವರು ನಾವೇ. ಏನು ಕಂಡಿತು ಎಂದು ಹೇಳಲು ಒಬ್ಬರೂ ಮರಳಿ ಬರಲಿಲ್ಲ. ಮೂರು ಸಲ ಪಂಚಾಯ್ತಿಗೆ ಹೋಗಿ ಕೇಳಿದೆ. "ವರದಿ ಮ್ಯಾಲೆ ಹೋಗೇತ್ರಿ" ಎಂದರು. ನಮ್ಮ ಮಕ್ಕಳ ಬಾಯಿ ಬೇಕಾಗಿತ್ತು, ನಮ್ಮ ಕಿವಿಗೆ ಒಂದು ಮಾತು ಹಾಕುವುದು ಬೇಡವಾಯಿತೇ?

ಆಗ ನನ್ನ ಮಗನಿಗೆ ಒಂದು ವರ್ಷ. ಕಾಯಂ ಹಲ್ಲುಗಳು ದವಡೆಯೊಳಗೆ ತಯಾರಾಗುವುದು ಸುಮಾರು ಎಂಟು ವರ್ಷದವರೆಗೆ. ಫ್ಲೋರೈಡ್ ಹಲ್ಲಿನ ಮೇಲ್ಪದರ ಕೆಡಿಸುವುದು ಆ ಕಾಲದಲ್ಲೇ, ಒಮ್ಮೆ ಕೆಟ್ಟದ್ದು ಮತ್ತೆ ಮೊದಲಿನಂತಾಗದು. ಅವತ್ತೇ ಹೇಳಿದ್ದರೆ ಅವನಿಗಾದರೂ ಹೊಳೆ ನೀರು ತಂದು ಕುಡಿಸುತ್ತಿದ್ದೆ, ಮಳೆ ನೀರು ಹಿಡಿದಿಡುತ್ತಿದ್ದೆ. ಕಾಸಿ ಕುಡಿಸಿರಿ ಎಂದು ಯಾರೋ ಅಂದರು, ಏಳು ವರ್ಷ ಕಟ್ಟಿಗೆ ಸುಟ್ಟು ಕಾಸಿದೆ. ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ ಎಂದು ತಿಳಿದದ್ದು ಮಗಳು ವಿಜ್ಞಾನ ಓದಿದ ಮೇಲೆ. ಕೈಯಾರೆ ಕುಡಿಸಿದೆ, ಸಾಹೇಬರೇ. ಮಗನ ಹಲ್ಲೂ ಅಕ್ಕನ ಹಲ್ಲಿನಂತೆಯೇ ಆಗಿದೆ.

ಅತ್ತೆಗೆ ಮೊಣಕಾಲು ಮಡಚಲು ಬರುವುದಿಲ್ಲ. ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಾರೆ. ವಯಸ್ಸಿನದೋ ನೀರಿನದೋ, ಪರೀಕ್ಷಿಸಿ ಹೇಳಿದವರಿಲ್ಲ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂ ಎಂಬ ಮಿತಿ ನಿಮಗೆ ಗೊತ್ತೇ ಇದೆ. ಆಂಧ್ರದ ನೆಲ್ಲೂರು ಸೀಮೆಯ ಹಳ್ಳಿಗಳಲ್ಲಿ ಫ್ಲೋರೈಡಿನಿಂದ ಹಲ್ಲು, ಮೂಳೆಗೆ ಬರುವ ಈ ಬೇನೆಯನ್ನು ಗುರುತಿಸಿ ವೈದ್ಯರು ಬರೆದದ್ದು 1937ರಲ್ಲಿ. ನಮ್ಮ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನೂ ಸಂಶೋಧಕರು ಅಳೆದು ಬರೆದಿದ್ದಾರೆ, ಇಂಗ್ಲಿಷಿನಲ್ಲಿ. ಆ ನೀರು ಕುಡಿಯುವ ನಾವು ಓದುವುದು ಕನ್ನಡ.

ಆದ್ದರಿಂದ ಪ್ರತಿ ಬೋರಿನ ಮುಂದೆ, ಪ್ರತಿ ಟ್ಯಾಂಕಿನ ಮೇಲೆ ಫ್ಲೋರೈಡ್ ಎಷ್ಟಿದೆ ಎಂದು ಕನ್ನಡದಲ್ಲಿ ಬರೆಸಿರಿ, ಪರೀಕ್ಷೆಯ ತಾರೀಖಿನ ಸಮೇತ. ನಮ್ಮೂರ ನೀರು ಒಯ್ದವರು ಎಷ್ಟೇ ದೊಡ್ಡವರಿರಲಿ, ಗ್ರಾಮಸಭೆಯಲ್ಲಿ ನಿಂತು ಫಲಿತಾಂಶ ಓದಿ ಹೇಳುವಂತೆ ಮಾಡಿರಿ. ಪ್ರತಿ ಊರಿನಲ್ಲಿ ಐವರಿಗೆ, ಆದಷ್ಟು ಹೆಣ್ಣುಮಕ್ಕಳಿಗೇ, ನೀರು ಪರೀಕ್ಷಿಸಲು ಕಲಿಸಬೇಕೆಂದು ಜಲಜೀವನ್ ಮಿಷನ್ ಹೇಳುತ್ತದೆ. ನಮ್ಮೂರ ಆ ಐವರು ಎಲ್ಲಿದ್ದಾರೆ? ನನಗೆ ಕಲಿಸಿರಿ, ನಾನೇ ಅಳೆಯುತ್ತೇನೆ. ಓಟಿನ ಕಾಲಕ್ಕೆ ಇದೇ ಟ್ಯಾಂಕಿನ ಗೋಡೆಗೆ ಚಿಹ್ನೆ ಬರೆಯಲು ಬಣ್ಣ ಸಿಕ್ಕಿತ್ತು. ಒಂದು ಅಂಕಿ ಬರೆಯಲು ಸಿಗುವುದಿಲ್ಲವೇ?

ಫಿಲ್ಟರ್ ನೀರಿನ ಘಟಕ ಆಗಾಗ ಕೆಟ್ಟು ನಿಲ್ಲುತ್ತದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಮೊದಲು ಅಂಕಿ ಬರೆಸಿರಿ.

ಪಕ್ಕದ ಮನೆಯಲ್ಲಿ ಹತ್ತು ತಿಂಗಳ ಕೂಸಿದೆ. ಇದೇ ಬೋರಿನ ನೀರಿನಲ್ಲಿ ಅದಕ್ಕೆ ಗಂಜಿ ಮಾಡುತ್ತಾರೆ. ಅದರ ತಾಯಿ ನಿನ್ನೆ ಕೊಡ ಇಳಿಸಿ, "ಯಕ್ಕಾ, ಕೂಸಿಗೆ ಈ ನೀರು ಕೊಡಬೌದೇನು?" ಎಂದು ಕೇಳಿದಳು. ಅವಳಿಗೆ ನಾನು ಏನು ಹೇಳಲಿ?

ಇಂತಿ,
ಮುಂಡರಗಿ ತಾಲ್ಲೂಕಿನ ಒಬ್ಬ ತಾಯಿ