ಇಂಚು ಬರೆದಿರಿ, ತಡ ಎಷ್ಟು ಅಂತ ಯಾಕೆ ಬರೆಯಲಿಲ್ಲ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಪುರವಣಿಯಲ್ಲಿ ಗೇಮ್ ಆಡುವವರಿಗೆ ಯಾವ ಟಿವಿ ಒಳ್ಳೆಯದು ಅಂತ ಒಂದು ಬರಹ ಹಾಕಿದ್ದಿರಿ. ಓದಿದೆ, ಎರಡು ಸಲ ಓದಿದೆ. ಅದರಲ್ಲಿ ಇಂಚು ಇದೆ, 4ಕೆ ಇದೆ, ಸ್ಪೀಕರ್ ಎಷ್ಟು ವಾಟ್ ಅಂತ ಇದೆ, ರಿಮೋಟ್ ಜೊತೆ ಮಾತಾಡಿದರೆ ಅದು ಕೇಳಿಸಿಕೊಳ್ಳುತ್ತದೆ ಅಂತಲೂ ಇದೆ. ಕೈಯಲ್ಲಿ ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಅದು ಕಾಣಿಸಲು ಎಷ್ಟು ಹೊತ್ತು ಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಬಾವಿ ಎಷ್ಟು ಅಗಲ, ಕಟ್ಟೆ ಎಷ್ಟು ಚಂದ ಅಂತೆಲ್ಲ ಹೇಳಿ, ನೀರಿದೆಯೋ ಇಲ್ಲವೋ ಹೇಳದ ಹಾಗಾಯಿತು.

ನಾನು ಸುಮ್ನೆ ತಕರಾರು ಮಾಡುತ್ತಿಲ್ಲ. ಇದೇ ಥರದ ಪಟ್ಟಿ ನೋಡಿ ನಾನೂ ಒಂದು 55 ಇಂಚಿನ ಟಿವಿ ತಂದವನೇ. ಯಾವ ಕಂಪನಿ ಅಂತ ಬೇಡ ಬಿಡಿ. ಅದಕ್ಕೂ ಮುಂಚೆ ನಾನು ಮತ್ತು ನನ್ನ ತಮ್ಮ ಹಳೆಯ ಮಾನಿಟರ್ ಒಂದರಲ್ಲಿ ಫುಟ್‌ಬಾಲ್ ಗೇಮ್ ಆಡುತ್ತಿದ್ದೆವು, ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗಿಸಿ. ದೊಡ್ಡ ಟಿವಿ ಬಂತು, ಖುಷಿಯಾಯಿತು. ಹತ್ತು ನಿಮಿಷ ಆಡಿದೆವು, ಇಬ್ಬರಿಗೂ ಏನೋ ಸರಿ ಇಲ್ಲ ಅನ್ನಿಸಿತು. ಪಾಸ್ ಕೊಟ್ಟರೆ ಚೆಂಡು ಒಂದು ಗಳಿಗೆ ಯೋಚನೆ ಮಾಡಿ ಹೋಗುತ್ತಿದೆ. ಕಾರ್ ಗೇಮ್ ಹಾಕಿದರೆ ತಿರುವು ಮುಗಿದ ಮೇಲೆ ಕಾರು ತಿರುಗುತ್ತದೆ. ಕಂಟ್ರೋಲರ್ ಚಾರ್ಜ್ ಮಾಡಿದೆವು. ಹೊಸ ಕೇಬಲ್ ತಂದೆವು. ನಮಗೇ ವಯಸ್ಸಾಯಿತು ಅಂತ ನಾನು ಹೆಚ್ಚುಕಮ್ಮಿ ಒಪ್ಪಿಕೊಂಡೂ ಬಿಟ್ಟಿದ್ದೆ.

ಆಮೇಲೆ ಗೊತ್ತಾಯಿತು, ತಪ್ಪು ನಮ್ಮ ಬೆರಳಿನದಲ್ಲ. ಟಿವಿ ಒಳಗೆ ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಅಂಚು ಚೂಪು ಮಾಡುತ್ತದೆ, ಬಣ್ಣ ತಿದ್ದುತ್ತದೆ, ಕಲೆ ಒರೆಸುತ್ತದೆ, ಎರಡು ಚಿತ್ರಗಳ ನಡುವೆ ತಾನೇ ಒಂದು ಚಿತ್ರ ಹುಟ್ಟಿಸಿ ಸೇರಿಸುತ್ತದೆ. ಹಾಗೆ ಹುಟ್ಟಿಸಬೇಕಾದರೆ ಮುಂದಿನ ಚಿತ್ರ ಬರುವ ತನಕ ಅದು ಕಾಯಲೇಬೇಕಲ್ವಾ? ಸಿನಿಮಾ ನೋಡುವಾಗ ಈ ತಡ ಯಾರಿಗೂ ತಿಳಿಯುವುದಿಲ್ಲ, ಮಾತು ಮತ್ತು ಚಿತ್ರ ಎರಡನ್ನೂ ಒಟ್ಟಿಗೇ ತಡ ಮಾಡಿದರಾಯಿತು. ಗೇಮ್‌ನಲ್ಲಿ ಹಾಗಲ್ಲ, ಅಲ್ಲಿ ಒಂದು ಕಡೆ ನಮ್ಮ ಕೈ ಇದೆ. ಇದನ್ನೇ ಇನ್‌ಪುಟ್ ಲ್ಯಾಗ್ ಅನ್ನುತ್ತಾರೆ.

ಮದ್ದು ಸೆಟ್ಟಿಂಗ್ಸ್‌ನಲ್ಲೇ ಇತ್ತು, ‘ಗೇಮ್ ಮೋಡ್’ ಅಂತ. ಅದನ್ನು ಆನ್ ಮಾಡಿದರೆ ಈ ಸಿಂಗಾರದ ಕೆಲಸ ಬಹುತೇಕ ನಿಲ್ಲುತ್ತದೆ. ಲ್ಯಾಪ್‌ಟಾಪ್‌ನ ಪರದೆಯನ್ನೇ ಟಿವಿಯಲ್ಲೂ ತೋರುವ ಹಾಗೆ ಮಾಡಿ, ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಒಂದನ್ನು ಓಡಿಸಿ, ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋನ್‌ನಲ್ಲಿ ಫೋಟೊ ತೆಗೆದೆ. ಗೇಮ್ ಮೋಡ್ ಇಲ್ಲದಾಗ ಟಿವಿ ಲ್ಯಾಪ್‌ಟಾಪ್‌ಗಿಂತ ಸುಮಾರು 90 ಮಿಲಿಸೆಕೆಂಡ್ ಹಿಂದೆ ಇತ್ತು. ಆನ್ ಮಾಡಿದ ಮೇಲೆ 15ರ ಹತ್ತಿರ. ಇದು ಪಕ್ಕಾ ಅಳತೆ ಅಲ್ಲ, ಲ್ಯಾಪ್‌ಟಾಪ್ ಪರದೆಗೂ ಅದರದ್ದೇ ತಡ ಇರುತ್ತದೆ. ಆದರೂ ಐದಾರು ಫೋಟೊ ತೆಗೆದರೆ ಅಂದಾಜು ಸಿಗುತ್ತದೆ. 60 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಒಂದು ಚಿತ್ರ ಪರದೆಯ ಮೇಲೆ ಇರುವುದು 16.7 ಮಿಲಿಸೆಕೆಂಡ್. ಅಂದರೆ ನಾವು ಮೊದಲು ಐದು ಚಿತ್ರದಷ್ಟು ಹಿಂದಿನದನ್ನು ನೋಡಿಕೊಂಡು ಆಡುತ್ತಿದ್ದೆವು! ಈ ತಡದ ಅಂಕಿ ಡಬ್ಬದ ಮೇಲೆ ಇರಲಿಲ್ಲ, ಮ್ಯಾನುಯಲ್‌ನಲ್ಲೂ ಇರಲಿಲ್ಲ.

ಹಳೆಯ ಡಬ್ಬಾ ಟಿವಿಗೆ ಈ ರೋಗವೇ ಇರಲಿಲ್ಲ. ಸಿಗ್ನಲ್ ಬಂದ ಹಾಗೆ ಹಾಗೆ ಗೆರೆ ಗೆರೆಯಾಗಿ ಗಾಜಿನ ಮೇಲೆ ಎಳೆಯುತ್ತಿತ್ತು, ಅಷ್ಟೆ. ಆಗಿನ ಪಿಸ್ತೂಲ್ ಹಿಡಿದು ಬಾತುಕೋಳಿ ಹೊಡೆಯುವ ಗೇಮ್‌ಗಳು ಆ ಗಾಜಿನ ಬೆಳಕು ತಕ್ಷಣ ಬರುತ್ತದೆ ಅನ್ನುವುದನ್ನೇ ನಂಬಿಕೊಂಡಿದ್ದವು. ಅದಕ್ಕೇ ಆ ಪಿಸ್ತೂಲು ಈಗಿನ ಚಪ್ಪಟೆ ಟಿವಿಯ ಮುಂದೆ ಕೆಲಸ ಮಾಡುವುದಿಲ್ಲ.

ಎರಡನೇ ಮೋಸ ಹರ್ಟ್ಜ್‌ನದು. ಮೋಸ ಅನ್ನುವ ಮಾತು ಜಾಸ್ತಿಯಾಯಿತು ಅನ್ನಿಸಿದರೆ ಕತ್ತರಿಸಿ, ಆದರೆ ನನಗೆ ಹಾಗೇ ಅನ್ನಿಸಿತು. ನಮ್ಮ ಡಬ್ಬದ ಮೇಲೆ ‘120’ ಅಂತ ದಪ್ಪಗೆ ಬರೆದಿತ್ತು. ಅದರ ಪಕ್ಕದಲ್ಲಿ ಮೋಷನ್ ಗೀಷನ್ ಅಂತ ಯಾವುದೋ ಒಂದು ಸ್ವಂತ ಹೆಸರು. ಪ್ಯಾನಲ್ ನಿಜವಾಗಿ 60 ಹರ್ಟ್ಜ್‌ನದು. ನಡುವೆ ಚಿತ್ರ ಹುಟ್ಟಿಸುವುದು, ಪರದೆಯ ಹಿಂಬದಿಯ ದೀಪ ಮಿಟುಕಿಸುವುದು, ಇಂಥದ್ದೆಲ್ಲ ಸೇರಿಸಿ ಲೆಕ್ಕ ಹಾಕಿ ಆ 120 ಮಾಡಿದ್ದಾರೆ, ಮತ್ತು ಗೇಮ್ ಮೋಡ್ ಹಾಕಿದ ಕೂಡಲೇ ಆ ಲೆಕ್ಕವೂ ಬಿದ್ದುಹೋಗುತ್ತದೆ. ನಿಜ ಗೊತ್ತಾಗಬೇಕಾದರೆ ಮ್ಯಾನುಯಲ್‌ನ ಕೊನೆಯಲ್ಲಿ ಯಾರೂ ಓದದ ಒಂದು ಕೋಷ್ಟಕ ಇರುತ್ತದೆ, ಯಾವ ಯಾವ ಸಿಗ್ನಲ್ ಒಪ್ಪುತ್ತದೆ ಅಂತ. ಅಲ್ಲಿ 3840x2160ರ (4ಕೆ ಅಂದರೆ ಇದೇ) ಎದುರು 120 ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಗಡಿಗೆ ಹೋಗುವ ಮೊದಲೇ ಕಂಪನಿಯ ಸೈಟ್‌ನಲ್ಲಿ ಮ್ಯಾನುಯಲ್ ಇಳಿಸಿಕೊಂಡು ನೋಡಬಹುದು. ನಾನು ನೋಡಲಿಲ್ಲ.

ಟಿವಿಗೆ ಚಿತ್ರ, ಸದ್ದು ತರುವ ಕೇಬಲ್‌ನ ಕಿಂಡಿ ಇದೆಯಲ್ಲ, ಎಚ್‌ಡಿಎಂಐ, ಅದರ ಕಥೆಯೂ ಹೀಗೇ. ನಿಮ್ಮ ಬರಹದಲ್ಲಿ ‘ಎಚ್‌ಡಿಎಂಐ 2.1 ಇದ್ದರೆ ಸಾಕು’ ಅಂತ ಬರೆದಿದ್ದೀರಿ. ಸಾಕಾಗುವುದಿಲ್ಲ. 2017ರಲ್ಲಿ ಬಂದ ಆ ನಿಯಮದಲ್ಲಿ ಸೆಕೆಂಡಿಗೆ 48 ಗಿಗಾಬಿಟ್ ತನಕ ಹೋಗಬಹುದು, ಹಿಂದಿನ 2.0ದಲ್ಲಿ 18 ಇತ್ತು. ಆದರೆ 2.1ರಲ್ಲಿ ಹೇಳಿರುವ ಹೊಸ ಸೌಲಭ್ಯಗಳು ಬಹುತೇಕ ಐಚ್ಛಿಕ. ಒಂದೆರಡು ಕೊಟ್ಟು ಉಳಿದದ್ದು ಬಿಟ್ಟರೂ 2.1 ಅಂತ ಬರೆದುಕೊಳ್ಳಬಹುದು. ಹಾಗಾಗಿ ಕೇಳಬೇಕಾದದ್ದು ಮೂರು: 4ಕೆಯಲ್ಲಿ 120 ಒಪ್ಪುತ್ತದಾ, ವಿಆರ್‌ಆರ್ (ವೇರಿಯಬಲ್ ರಿಫ್ರೆಶ್ ರೇಟ್) ಇದೆಯಾ, ಮತ್ತು ಯಾವ ಕಿಂಡಿಯಲ್ಲಿ? ನಾಲ್ಕು ಕಿಂಡಿ ಇರುವ ಎಷ್ಟೋ ಟಿವಿಗಳಲ್ಲಿ ಪೂರ್ತಿ ವೇಗದವು ಎರಡೇ. ಆ ಎರಡರಲ್ಲಿ ಒಂದನ್ನು ಸೌಂಡ್‌ಬಾರ್ ತಗೊಂಡುಬಿಟ್ಟರೆ ಉಳಿಯುವುದು ಒಂದು.

ವಿಆರ್‌ಆರ್ ಅಂದರೆ ಏನು ಅಂತಲೂ ನೀವು ಬರೆಯಲಿಲ್ಲ. ಗೇಮ್ ಪ್ರತಿ ಸೆಕೆಂಡಿಗೂ ಒಂದೇ ಸಮ ಚಿತ್ರ ಕೊಡುವುದಿಲ್ಲ. ಸುಮ್ಮನೆ ನಿಂತಾಗ 60 ಬರುತ್ತದೆ, ಪಕ್ಕದಲ್ಲಿ ಏನೋ ಸಿಡಿದರೆ 47ಕ್ಕೆ ಇಳಿಯುತ್ತದೆ. ಪರದೆ ತನ್ನದೇ ತಾಳದಲ್ಲಿ ಓಡುತ್ತಿದ್ದರೆ ಅರ್ಧ ಹಳೆ ಚಿತ್ರ, ಅರ್ಧ ಹೊಸ ಚಿತ್ರ ಸೇರಿ ನಡುವೆ ಹರಿದ ಹಾಗೆ ಕಾಣುತ್ತದೆ, ಇಲ್ಲವೇ ತಡವರಿಸುತ್ತದೆ. ವಿಆರ್‌ಆರ್ ಇದ್ದರೆ ಪರದೆಯೇ ಗೇಮ್‌ನ ತಾಳಕ್ಕೆ ಹೊಂದಿಕೊಳ್ಳುತ್ತದೆ. ಪಿಸಿಯವರಿಗೆ ಇದು ಜಿ-ಸಿಂಕ್, ಫ್ರೀಸಿಂಕ್ ಅನ್ನುವ ಹೆಸರಲ್ಲಿ ಗೊತ್ತು. ನನ್ನನ್ನು ಕೇಳಿದರೆ 4ಕೆಗಿಂತ ಇದು ಮುಖ್ಯ. ಕೆಲವರು ಒಪ್ಪುವುದಿಲ್ಲ, ನನ್ನ ತಮ್ಮನೂ ಒಪ್ಪುವುದಿಲ್ಲ.

ಹಾಗಂತ ಎಲ್ಲರೂ 120 ಹರ್ಟ್ಜ್‌ಗೇ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಪ್ಲೇಸ್ಟೇಷನ್ 4 ಅಥವಾ ಮೊದಲ ನಿಂಟೆಂಡೊ ಸ್ವಿಚ್ ಇಟ್ಟುಕೊಂಡವರಿಗೆ ಅದರಿಂದ ಲಾಭ ಕಡಿಮೆ, ಅವು ಟಿವಿಗೆ 60ಕ್ಕಿಂತ ಜಾಸ್ತಿ ಕಳಿಸುವುದೇ ಇಲ್ಲ. 2020ರ ಕೊನೆಯಲ್ಲಿ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇದ್ದರೆ ಉಪಯೋಗ ಇದೆ. ಇನ್ನೊಂದು ಚಿಕ್ಕ ಲೆಕ್ಕ ನನಗೆ ಬಹಳ ಇಷ್ಟ. ಕೆಲವು ಗೇಮ್‌ಗಳಲ್ಲಿ ಸೆಕೆಂಡಿಗೆ 40 ಚಿತ್ರದ ಆಯ್ಕೆ ಕೊಡುತ್ತಾರೆ. 60ನ್ನು 40ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ, 120 ಹೋಗುತ್ತದೆ, ಒಂದು ಚಿತ್ರಕ್ಕೆ ಮೂರು ಸಲ. ಅದಕ್ಕೇ ಆ ಆಯ್ಕೆ 120 ಹರ್ಟ್ಜ್ ಪರದೆ ಇದ್ದವರಿಗೆ ಮಾತ್ರ ಸರಿಯಾಗಿ ದಕ್ಕುತ್ತದೆ.

ಇನ್ನು ಟಿವಿಯೋ ಮಾನಿಟರೋ. ನಿಮ್ಮ ಬರಹ ಮಾನಿಟರ್‌ಗೆ ಒಂದೇ ಸಾಲು ಕೊಟ್ಟಿದೆ, ‘ಸಣ್ಣ ಪರದೆ ಸಾಕು ಅನ್ನುವವರು ನೋಡಬಹುದು’ ಅಂತ. ವಿಷಯ ಸಣ್ಣದು ದೊಡ್ಡದು ಅನ್ನುವುದಲ್ಲ, ಎಷ್ಟು ದೂರ ಕೂರುತ್ತೀರಿ ಅನ್ನುವುದು. ಮೇಜಿನ ಮೇಲೆ ಎರಡೂವರೆ ಅಡಿ ದೂರದಲ್ಲಿ 27 ಇಂಚು ಕಣ್ಣು ತುಂಬುತ್ತದೆ. ಅಲ್ಲಿ 55 ಇಂಚು ಇಟ್ಟರೆ ಮೂಲೆಯ ಮ್ಯಾಪ್ ನೋಡಲು ಕತ್ತು ತಿರುಗಿಸಬೇಕು. ಅಕ್ಷರದ ವಿಷಯವೂ ಇದೆ. 27 ಇಂಚಿನ 1440ಪಿ (2560x1440) ಮಾನಿಟರ್‌ನಲ್ಲಿ ಒಂದು ಇಂಚಿಗೆ ಸುಮಾರು 109 ಚುಕ್ಕೆ. 55 ಇಂಚಿನ 4ಕೆ ಟಿವಿಯಲ್ಲಿ ಸುಮಾರು 80. ಸೋಫಾದಿಂದ 80 ಧಾರಾಳ, ಹತ್ತಿರದಿಂದ ಒರಟು. ಅದೇ ಪಿಸಿಯಲ್ಲಿ ಕೆಲಸವನ್ನೂ ಮಾಡುವವರಾದರೆ ಮಾನಿಟರೇ ವಾಸಿ.

ಆದರೆ ಮಾನಿಟರ್‌ನವರೂ ಸಾಚಾ ಏನಲ್ಲ. ‘1 ಎಂಎಸ್’ ಅಂತ ಡಬ್ಬದ ಮೇಲೆ ಇರುತ್ತದಲ್ಲ, ಅದನ್ನು ನೋಡಿ ಜನ ಇನ್‌ಪುಟ್ ಲ್ಯಾಗ್ ಒಂದೇ ಮಿಲಿಸೆಕೆಂಡ್ ಅಂದುಕೊಳ್ಳುತ್ತಾರೆ. ಅದು ಒಂದು ಚುಕ್ಕೆ ಬಣ್ಣ ಬದಲಿಸುವ ಹೊತ್ತು, ಅದೂ ಎಷ್ಟೋ ಸಲ ಯಾರೂ ಬಳಸಲಾಗದ ಸೆಟ್ಟಿಂಗ್‌ನಲ್ಲಿ, ಓಡುವ ವಸ್ತುವಿನ ಹಿಂದೆ ಬೆಳ್ಳನೆಯ ನೆರಳು ಬರುವಷ್ಟು ಜೋರು ಮಾಡಿ ಅಳೆದದ್ದು. ‘ಎಚ್‌ಡಿಆರ್ 400’ ಚೀಟಿಯೂ ಅಷ್ಟೆ. ಎಚ್‌ಡಿಆರ್ ಅಂದರೆ ಕತ್ತಲು ಕತ್ತಲಾಗಿಯೇ ಇದ್ದು ಬೆಂಕಿ ಮಾತ್ರ ಉರಿಯಬೇಕು. ಹಿಂಬದಿಯ ದೀಪವನ್ನು ಅಲ್ಲಲ್ಲಿ ಬೇರೆ ಬೇರೆ ಕಡಿಮೆ ಮಾಡಲಾಗದ ಪರದೆಯಲ್ಲಿ ಬೆಂಕಿಯ ಜೊತೆ ಕತ್ತಲೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮತ್ತೆ, ಬಹಳ ಮಾನಿಟರ್‌ಗಳಲ್ಲಿ ಪೂರ್ತಿ ವೇಗ ಇರುವುದು ಡಿಸ್‌ಪ್ಲೇಪೋರ್ಟ್ ಅನ್ನುವ ಇನ್ನೊಂದು ಕಿಂಡಿಯಲ್ಲಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಕನ್ಸೋಲ್‌ಗಳಿಗೆ ಆ ಕಿಂಡಿಯೇ ಇಲ್ಲ. 144 ಹರ್ಟ್ಜ್‌ನ 4ಕೆ ಮಾನಿಟರ್ ತಂದು ಕನ್ಸೋಲ್ ಜೋಡಿಸಿ, ಎಚ್‌ಡಿಎಂಐ 2.0 ಆದ ಕಾರಣ 4ಕೆಯಲ್ಲಿ 60ಕ್ಕೇ ನಿಂತು ತಲೆ ಕೆರೆದುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಪಿಸಿಯವರು ಇನ್ನೊಂದು ನೋಡಿಕೊಳ್ಳಬೇಕು. ಹೊಸ ಮಾನಿಟರ್ ಜೋಡಿಸಿದರೂ ವಿಂಡೋಸ್ ಎಷ್ಟೋ ಸಲ 60ರಲ್ಲೇ ಉಳಿದಿರುತ್ತದೆ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಬದಲಿಸಬೇಕು. ವರ್ಷಗಟ್ಟಲೆ 60ರಲ್ಲಿ ಆಡಿಕೊಂಡು ‘ಈ 144 ಎಲ್ಲ ಬೊಗಳೆ’ ಅಂದವರೂ ಇದ್ದಾರೆ.

ಓಎಲ್‌ಇಡಿ, ಅಂದರೆ ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಪರದೆ, ಅದರ ಬಗ್ಗೆ ನೀವು ಬರೆದದ್ದು ಸರಿ, ಕಪ್ಪು ಅಂದರೆ ಅದೇ ಕಪ್ಪು, ಚುಕ್ಕೆ ಬದಲಾಗುವ ವೇಗವೂ ಅದಕ್ಕೇ ಜಾಸ್ತಿ. ಒಂದೇ ಗೇಮ್ ದಿನಾ ಐದಾರು ಗಂಟೆ ಆಡುವವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕಿತ್ತು. ಮೂಲೆಯ ಮ್ಯಾಪು, ಕೆಳಗಿನ ಜೀವದ ಪಟ್ಟಿ ಅಲ್ಲಾಡದೆ ಅಲ್ಲೇ ಇರುತ್ತವೆ, ಕಾಲಕ್ರಮದಲ್ಲಿ ಅವುಗಳ ಅಚ್ಚು ಪರದೆಯಲ್ಲಿ ಉಳಿಯಬಹುದು. ಬೇರೆ ಬೇರೆ ಗೇಮ್, ಸಿನಿಮಾ ಅಂತ ಬದಲಿಸುತ್ತಾ ಇರುವವರು ಅಷ್ಟು ಹೆದರಬೇಕಾಗಿಲ್ಲ.

ಮುಂದಿನ ಸಲ ಇಂಥ ಪಟ್ಟಿ ಮಾಡುವಾಗ ಸ್ಪೀಕರ್ ವಾಟ್‌ನ ಕಾಲಂ ತೆಗೆದುಹಾಕಿ, ಆ ಜಾಗದಲ್ಲಿ ಗೇಮ್ ಮೋಡ್‌ನಲ್ಲಿ ಎಷ್ಟು ಮಿಲಿಸೆಕೆಂಡ್ ತಡ ಅಂತ ಹಾಕಿ. ಕಂಪನಿ ಕೊಡದಿದ್ದರೆ ನಿಮ್ಮವರೇ ಅಳೆಯಲಿ, ಅಳೆಯುವ ಸಾಧನ ಇಲ್ಲದಿದ್ದರೆ ಸ್ಟಾಪ್‌ವಾಚ್ ಮತ್ತು ಫೋನ್ ಇದ್ದೇ ಇದೆ. ಪ್ಯಾನಲ್‌ನ ನಿಜವಾದ ಹರ್ಟ್ಜ್, 4ಕೆ 120 ಒಪ್ಪುವ ಕಿಂಡಿಗಳು ಎಷ್ಟು, ಇವೆರಡೂ ಪಕ್ಕದಲ್ಲಿ ಇರಲಿ. ರಿಮೋಟ್ ಮಾತು ಕೇಳುತ್ತದೋ ಇಲ್ಲವೋ ಅದು ಕೊನೆಗೆ.

ನಮ್ಮ ಮನೆಯಲ್ಲಿ ಈಗಲೂ ಅದೇ ಟಿವಿ, 60 ಹರ್ಟ್ಜ್‌ನದೇ, ಗೇಮ್ ಮೋಡ್ ಮಾತ್ರ ಯಾವಾಗಲೂ ಆನ್. ಸೋತಾಗ ತಮ್ಮ ಟಿವಿಯನ್ನು ಬೈಯುತ್ತಿದ್ದ. ಈಗ ಆ ನೆಪ ಹೋಯಿತು, ಕಂಟ್ರೋಲರ್ ಸರಿ ಇಲ್ಲ ಅಂತ ಶುರು ಮಾಡಿದ್ದಾನೆ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ