ಯಾಕೆ ಅಂತ ಕೇಳಬೇಡ, ಕಾಗದ ಕೇಳು

ಡೊಂಬಿವಲಿ

ಚಿ. ವಿದ್ಯಾಳಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ, ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) ಅರ್ಜಿಯ ಫೋಟೋ ನೋಡಿದೆ. "ನಮ್ಮ ಕುಟುಂಬ ಪಿಂಚಣಿ ಯಾಕೆ ತಡವಾಗಿದೆ, ಇದಕ್ಕೆ ಯಾರು ಹೊಣೆ" ಅಂತ ಎರಡು ಪುಟ ಬರೆದಿದ್ದೀಯ. ಅದನ್ನು ಕೊಡಬೇಡ. ಸರ್ಕಾರಿ ಆಫೀಸಿನಲ್ಲೇ ಹೆಡ್ ಕ್ಲರ್ಕ್ ಆಗಿ ನಿವೃತ್ತನಾದವನು ನಾನು. ಇಂಥ ಅರ್ಜಿ ಬಂದರೆ ಮೇಜಿನ ಆಚೆ ಕೂತವರಿಗೆ ಎಷ್ಟು ನಿರಾಳ ಅಂತ ನನಗೆ ಗೊತ್ತು. 'ಯಾಕೆ' ಅನ್ನುವುದಕ್ಕೆ ಹೊಸದಾಗಿ ಉತ್ತರ ಹುಟ್ಟಿಸಿ ಕೊಡುವ ಜವಾಬ್ದಾರಿ ಮಾಹಿತಿ ಅಧಿಕಾರಿಗೆ ಇಲ್ಲ. ಕಚೇರಿಯಲ್ಲಿ ಇರುವ ಕಾಗದ ಕೇಳಿದರೆ ಮಾತ್ರ, ಕಾನೂನಿನ ವಿನಾಯಿತಿಯೊಳಗೆ ಬಾರದಿದ್ದರೆ, ಕೊಡಲೇಬೇಕು.

ಹಾಗಾಗಿ ಹೀಗೆ ಕೇಳು: ಭಾವನ, ಅಂದರೆ ನಿನ್ನ ಅಪ್ಪನ, ಸೇವಾಪುಸ್ತಕದ ಎಲ್ಲ ಪುಟಗಳ ದೃಢೀಕೃತ ಪ್ರತಿ, ಅವರು ಕೊಟ್ಟ ನಾಮನಿರ್ದೇಶನದ ಫಾರ್ಮು, ಪಿಂಚಣಿ ಪ್ರಸ್ತಾವದ ಕಡತದ ಟಿಪ್ಪಣಿ ಹಾಳೆಗಳು, ಕಡತ ಯಾವ ತಾರೀಖು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತೋರಿಸುವ ಆವಕ-ಜಾವಕ ರಿಜಿಸ್ಟರಿನ ಪುಟಗಳು. ಮುಖ್ಯವಾದದ್ದು ಟಿಪ್ಪಣಿ ಹಾಳೆ. ಕ್ಲರ್ಕು ನಾಲ್ಕು ಸಾಲು ಬರೆದು ಮೇಲೆ ಕಳಿಸಿರುತ್ತಾನೆ. ಸಾಹೇಬರು ಅದರ ಕೆಳಗೆ ಮರಾಠಿಯಲ್ಲಿ 'ಚರ್ಚಾ ಕರಾವೀ' (ಚರ್ಚಿಸಬೇಕು) ಅಂತ ಗೀಚಿ ಸಹಿ ಹಾಕಿ ವಾಪಸ್ ಕಳಿಸಿರುತ್ತಾರೆ. ಆ ಚರ್ಚೆ ನಡೆದೇ ಇರುವುದಿಲ್ಲ! ಎರಡು ಸಹಿಗಳ ನಡುವಿನ ತಾರೀಖು ನೋಡಿದರೆ ಕಡತ ಯಾರ ಮೇಜಿನ ಮೇಲೆ ಮಲಗಿತ್ತು ಅಂತ ಯಾರೂ ಹೇಳದೆಯೇ ತಿಳಿಯುತ್ತದೆ. 'ಯಾರು ಹೊಣೆ' ಅಂತ ನೀನು ಕೇಳಿದ್ದಕ್ಕೆ ಉತ್ತರ ಇರುವುದು ಅಲ್ಲೇ.

ಅರ್ಜಿ ನಿನ್ನ ಹೆಸರಿನಲ್ಲಿ ಬೇಡ, ನಿನ್ನ ಅಮ್ಮನ, ಅಂದರೆ ನನ್ನ ಅಕ್ಕನ, ಹೆಸರಿನಲ್ಲಿ ಇರಲಿ. ಬೇರೆಯವರ ಸೇವಾ ದಾಖಲೆ ಅವರ ಖಾಸಗಿ ಮಾಹಿತಿ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಅದನ್ನೇ ಹಿಡಿದು, ಖಾಸಗಿ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಕಲಮು ತೋರಿಸಿ ನಿನ್ನನ್ನು ಸಾಗಹಾಕುವುದು ಸುಲಭ. ಹೆಂಡತಿಯೇ ಕೇಳಿದರೆ, ಜೊತೆಗೆ ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿದರೆ, ಆ ಮಾತಿಗೆ ಅಷ್ಟು ಬಲ ಇರುವುದಿಲ್ಲ.

ಕನ್ನಡದಲ್ಲಿ ಬರೆದರೆ ಪುಣೆಯಲ್ಲಿ ನಡೆಯದು. ಇಂಗ್ಲಿಷ್, ಹಿಂದಿ ಅಥವಾ ಮರಾಠಿ ಆಗಬೇಕು. ಮಹಾರಾಷ್ಟ್ರದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ಅರ್ಜಿಯ ನಮೂನೆ, ಅಂದರೆ ಜೋಡಪತ್ರ 'ಅ', ತುಂಬಿ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸು. ಪ್ರತಿಗೆ ಪುಟಕ್ಕೆ 2 ರೂಪಾಯಿ. ಯಾತಕ್ಕೆ ಬೇಕು ಅಂತ ಕೌಂಟರಿನಲ್ಲಿ ಕೇಳಿದರೆ ಸುಮ್ಮನೆ ನಕ್ಕುಬಿಡು, ಕಾರಣ ಹೇಳಬೇಕಾಗಿಲ್ಲ ಅಂತ ಕಾನೂನಿನಲ್ಲೇ ಇದೆ. ಆದರೆ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡ. 30 ದಿನದ ಲೆಕ್ಕ ಆ ಸೀಲಿನಿಂದ.

ಗಡುವು ದಾಟಿತೋ, ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ಆಮೇಲೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗದ ಪುಣೆ ಪೀಠ. ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದ ತನಕ ದಂಡ ಹಾಕಬಹುದು. ಆದರೆ ಆಯೋಗದಲ್ಲಿ ಸರದಿ ಉದ್ದ. ನಾನಾದರೆ ಅದನ್ನು ನಂಬಿ ಕೂರುವುದಿಲ್ಲ.

ಅದಕ್ಕಿಂತ ಕಡತವನ್ನೇ ಕೂತು ನೋಡುವುದು ವಾಸಿ. ಈ ಹಕ್ಕೂ ಕಾಯ್ದೆಯಲ್ಲಿದೆ, ಜನಕ್ಕೆ ಮಾತ್ರ ಯಾಕೋ ನೆನಪಿರುವುದಿಲ್ಲ. ನಿಮ್ಮ ಪುಣೆ ಮಹಾನಗರಪಾಲಿಕೆ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಕಡತ ತೆರೆದಿಡುವ ಪದ್ಧತಿ ಶುರುಮಾಡಿತು. 2018ರಲ್ಲಿ ರಾಜ್ಯ ಸರ್ಕಾರ ಜಿಲ್ಲಾ ಮಟ್ಟದ ಕಚೇರಿಗಳಿಗೂ ಇದನ್ನೇ ಮಾಡಲು ಆದೇಶ ಹೊರಡಿಸಿತು. ಭಾವನ ಆಫೀಸಿನಲ್ಲಿ ಇದು ನಡೆಯುತ್ತದೆಯೇ ಅಂತ ಮೊದಲು ವಿಚಾರಿಸು. ಇಲ್ಲ ಅಂದರೆ ಅರ್ಜಿಯಲ್ಲೇ 'ಪರಿಶೀಲನೆಗೆ ದಿನ ಕೊಡಿ' ಅಂತ ಒಂದು ಸಾಲು ಸೇರಿಸು. ನೋಡುವಾಗ ಬೇಕಾದ ಪುಟಗಳ ಸಂಖ್ಯೆ ಗುರುತು ಹಾಕಿಕೊಂಡರೆ ಇನ್ನೂರು ಪುಟದ ದುಡ್ಡು ಉಳಿಯುತ್ತದೆ.

ಕಡತ ಸಿಗುತ್ತಿಲ್ಲ ಅಂದರೆ ವಾದ ಮಾಡಬೇಡ. "ಅದನ್ನೇ ಬರೆದು ಸಹಿ ಮಾಡಿ ಕೊಡಿ" ಅನ್ನು. ಬಾಯಲ್ಲಿ ಕಳೆದುಹೋದ ಎಷ್ಟೋ ಕಡತ, ಬರೆದುಕೊಡಿ ಅಂದ ಕೂಡಲೇ ಕಪಾಟಿನಿಂದ ಇಳಿದು ಬಂದದ್ದನ್ನು ಕಂಡಿದ್ದೇನೆ.

ಮರಾಠಿ ಕರಡು ಬರೆದು ವಾಟ್ಸಾಪ್ ಮಾಡು, ರಾತ್ರಿ ತಿದ್ದಿ ಕಳಿಸುತ್ತೇನೆ. ಬ್ಯಾಂಕಿನಲ್ಲಿ, ಪಿಂಚಣಿ ಕಾಗದದಲ್ಲಿ ಯಾವ ಸಹಿ ಇದೆಯೋ ಅದೇ ಸಹಿ ಹಾಕಬೇಕು ಅಂತ ಅಕ್ಕನಿಗೆ ಹೇಳು. ಈ ನಡುವೆ ಆಕೆ ಇಂಗ್ಲಿಷಿನಲ್ಲಿ ಹಾಕಲು ಶುರುಮಾಡಿದ್ದಾಳಂತೆ.

ಇತಿ,
ನಿನ್ನ ಮಾವ