ಬೀಗ ಹಾಕಿರುವ ನಮ್ಮ ಕ್ಲಿನಿಕ್‌ಗೆ ವೈದ್ಯರನ್ನು ಕೊಡಿ: ಕಾಲೊನಿ ನಿವಾಸಿಗಳ ಏಳನೇ ಮನವಿ

ಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ

ಇಂದ,
ರೈಲ್ವೆ ಗೇಟ್ ಆಚೆಯ ಪೌರಕಾರ್ಮಿಕರ ಕಾಲೊನಿ ಮತ್ತು ಆಶ್ರಯ ಬಡಾವಣೆಯ ನಿವಾಸಿಗಳು

ವಿಷಯ: ಕಾಲೊನಿಯ ಕ್ಲಿನಿಕ್‌ಗೆ ಕಾಯಂ ವೈದ್ಯರು, ಔಷಧಿ ಮತ್ತು ಸಂಜೆ ವೇಳೆ ಕೊಡುವ ಬಗ್ಗೆ, ಹಾಗೂ ಕುಡಿಯುವ ನೀರು, ಅಂಗನವಾಡಿ ಬಗ್ಗೆ

ಮಾನ್ಯರೇ,

ನಮಸ್ಕಾರ. ಕ್ಲಿನಿಕ್ ಎಲ್ಲಿದೆ, ಯಾವ ವಾರ್ಡಿಗೆ ಸೇರಿದೆ ಅಂತ ಮತ್ತೆ ಬರೆಯುವುದಿಲ್ಲ. ಹಿಂದಿನ ಆರು ಅರ್ಜಿಗಳಲ್ಲಿ ಬರೆದಿದ್ದೇವೆ. ಆರಕ್ಕೂ ಸೀಲು ಹಾಕಿದ ಸ್ವೀಕೃತಿ ನಮ್ಮ ಹತ್ತಿರ ಇದೆ. ಪ್ರತಿಗಳನ್ನು ಲಗತ್ತಿಸಿದ್ದೇವೆ.

ಕಳೆದ ವರ್ಷ ಗಣೇಶ ಹಬ್ಬ ಮುಗಿದ ಮೇಲೆ ವೈದ್ಯರು ಬಂದಿಲ್ಲ. ಮಂಗಳವಾರ, ಶುಕ್ರವಾರ ನರ್ಸ್ ಒಬ್ಬರೇ ಬರುತ್ತಾರೆ. ಬೀಗಕ್ಕೆ ತುಕ್ಕು ಹಿಡಿದಿದೆ. ಎದುರು ಮನೆಯಿಂದ ಕೊಬ್ಬರಿ ಎಣ್ಣೆ ತಂದು ಬಿಟ್ಟರೇನೇ ಅದು ತೆರೆಯುವುದು. ಒಳಗೆ ಸಾಕಷ್ಟು ಮಾತ್ರೆ ಇಲ್ಲ. ಬಿಪಿಗೆ ತಿಂಗಳ ಮಾತ್ರೆ ಕೊಡಬೇಕಾದ ಕಡೆ ಹಾಳೆಯನ್ನು ಕತ್ತರಿಯಲ್ಲಿ ಕತ್ತರಿಸಿ ನಾಲ್ಕು ನಾಲ್ಕು ಕೊಡುತ್ತಾರೆ. ಆ ತಾಯಿಯ ತಪ್ಪಿಲ್ಲ, ಇದ್ದದ್ದನ್ನು ಹಂಚುತ್ತಾರೆ. ಮೂರನೇ ಸಾಲಿನ ಅಜ್ಜಿ ಆ ನಾಲ್ಕನ್ನೇ ದಿನ ಬಿಟ್ಟು ದಿನ ನುಂಗಿದರು. ಉಳಿದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ‘ಬಿಪಿ ಮಾತ್ರೆ ಯಾಕೆ ಬಿಟ್ರಿ?’ ಅಂತ. ಇದಕ್ಕೆ ಉತ್ತರ ಅಜ್ಜಿ ಕೊಡಬೇಕಾ, ತಾವು ಕೊಡಬೇಕಾ?

ಮೊದಲ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬಂತು. ಎರಡನೆಯದು ಟಪಾಲಿನಲ್ಲಿ ಕಳೆದುಹೋಯಿತಂತೆ. ಮೂರನೆಯದನ್ನು ಆರೋಗ್ಯ ಇಲಾಖೆಗೆ ಕಳಿಸಿದ್ದೇವೆ ಅಂದರು. ಇಲಾಖೆಯವರು ಕಟ್ಟಡ ಪಾಲಿಕೆಯದು, ಅಲ್ಲೇ ಕೇಳಿ ಅಂದರು. ನಾಲ್ಕನೆಯದನ್ನು ವಾರ್ಡ್ ಸಭೆಯಲ್ಲೇ ಕೈಗೆ ಕೊಟ್ಟೆವು. ಫೋಟೊ ತೆಗೆಸಿಕೊಂಡರು. ಐದನೆಯದಕ್ಕೆ ಉತ್ತರವೇ ಇಲ್ಲ. ಆರನೆಯದು ಮಾಹಿತಿ ಹಕ್ಕಿನ ಅರ್ಜಿ. ಕಾಯ್ದೆ ಪ್ರಕಾರ 30 ದಿನದಲ್ಲಿ ಬರಬೇಕಾದ ಉತ್ತರ ಮೂರು ತಿಂಗಳಿಗೆ ಬಂತು. ಅದರಲ್ಲಿ ಒಂದೇ ಸಾಲು: ‘ವೈದ್ಯರ ಹುದ್ದೆ ಭರ್ತಿಯಾಗಿದೆ.’ ಭರ್ತಿಯಾಗಿದ್ದರೆ ಆ ವೈದ್ಯರು ಎಲ್ಲಿ ಕೂರುತ್ತಿದ್ದಾರೆ? ಸಂಬಳ ಯಾವ ಕ್ಲಿನಿಕ್ಕಿನ ಹೆಸರಲ್ಲಿ ಹೋಗುತ್ತಿದೆ? ಇದನ್ನು ಬರವಣಿಗೆಯಲ್ಲೇ ಕೇಳುತ್ತಿದ್ದೇವೆ.

2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ ಯೋಜನೆ ಶುರುವಾದಾಗ ನಗರದ ಬಡವರಿಗಾಗಿಯೇ ಅಂತ ಹೇಳಿದ್ದರು. ಗೇಟಿನ ಈಚೆಯ ಎಕ್ಸ್‌ಟೆನ್ಷನ್‌ನಲ್ಲಿ ಅದೇ ಬೋರ್ಡಿನ ಕ್ಲಿನಿಕ್ ದಿನಾ ತೆರೆದಿರುತ್ತದೆ, ವೈದ್ಯರೂ ಇರುತ್ತಾರೆ. ಅಲ್ಲಿಯವರಿಗೆ ಸಿಗುವುದು ಬೇಡ ಅಂತ ನಾವು ಹೇಳುತ್ತಿಲ್ಲ. ಆದರೆ ಆ ರಸ್ತೆಗಳನ್ನು ಬೆಳಗಿನ ಜಾವ ಗುಡಿಸುವವರು ನಮ್ಮ ಮನೆಯವರು. ಧೂಳು ಕುಡಿದು ಕೆಮ್ಮುವವರೂ ಅವರೇ. ಅವರ ಕಾಲೊನಿಗೆ ಮಾತ್ರ ಬೀಗ ಯಾಕೆ?

ವೇಳೆಯ ವಿಷಯವೂ ಇದೆ. ಬೋರ್ಡಿನಲ್ಲಿ ಬೆಳಿಗ್ಗೆ 9ರಿಂದ ಸಂಜೆ 4:30 ಅಂತ ಬರೆದಿದೆ. ಗಾರ್ಮೆಂಟ್ಸ್‌ಗೆ, ಗಾರೆ ಕೆಲಸಕ್ಕೆ ಹೋದವರು ವಾಪಸ್ ಬರುವುದೇ 7ಕ್ಕೆ. ಜ್ವರ ತೋರಿಸಲು ಒಂದು ದಿನದ ಕೂಲಿ ಬಿಡಬೇಕು. ಬಸ್ಸು ಹೆಂಗಸರಿಗೆ ಫ್ರೀ, ಸರಿ. ಬಿಟ್ಟ ಕೂಲಿ ಯಾರು ಕೊಡುತ್ತಾರೆ? ಬಸುರಿಯರಂತೂ ತಾಯಿ ಕಾರ್ಡ್ ಹಿಡಿದು ರೈಲ್ವೆ ಗೇಟ್ ತೆಗೆಯುವುದನ್ನೇ ಕಾಯುತ್ತಾ ಬಿಸಿಲಲ್ಲಿ ನಿಲ್ಲುತ್ತಾರೆ.

ಕಾಯಿಲೆ ಬರುವುದೇ ಎಲ್ಲಿಂದ ಅಂತಲೂ ನೋಡಿ. ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದುಹೋಗಿದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ಕೊಳಾಯಿಯಲ್ಲಿ ಕಪ್ಪು ನೀರು, ವಾಸನೆ ಬೇರೆ. ಮಳೆಗಾಲದಲ್ಲಿ ಮನೆಗೊಬ್ಬರಿಗೆ ವಾಂತಿಭೇದಿ. ಆಶಾ ಕಾರ್ಯಕರ್ತೆ ಓಆರ್‌ಎಸ್ ಪುಡಿ ಹಿಡಿದು ಮನೆಮನೆ ತಿರುಗಬೇಕು. ಅಂಗನವಾಡಿ ಶೀಟ್ ಮನೆಯಲ್ಲಿದೆ, ಶೌಚಾಲಯ ಇಲ್ಲ. ಮಕ್ಕಳು ಪಕ್ಕದ ಚರಂಡಿ ಅಂಚಿಗೇ ಹೋಗಿ ಕೂರುತ್ತವೆ. ಕ್ಷಯದ ಮಾತ್ರೆ ತಿನ್ನುತ್ತಿರುವ ಮೂವರಿಗೆ ಪೌಷ್ಟಿಕ ಆಹಾರಕ್ಕೆ ಬರಬೇಕಾದ ತಿಂಗಳ 1,000 ರೂಪಾಯಿ ಒಂದು ಸಲವೂ ಖಾತೆಗೆ ಬಿದ್ದಿಲ್ಲ. ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ನುಂಗುವುದು ಎಷ್ಟು ಕಷ್ಟ ಅಂತ ತಿಂದವರಿಗೇ ಗೊತ್ತು. ಬೀದಿದೀಪ, ಒಡೆದ ಮ್ಯಾನ್‌ಹೋಲ್ ಮುಚ್ಚಳ, ನಾಯಿಗಳ ಕಾಟ ಇವನ್ನೆಲ್ಲ ಇಲ್ಲಿ ಸೇರಿಸಿದರೆ ಕಾಗದ ಸಾಲುವುದಿಲ್ಲ.

ಜನರ ಆರೋಗ್ಯ ಸುಧಾರಿಸುವುದು ಸರ್ಕಾರದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದು ಅಂತ ಸಂವಿಧಾನದ 47ನೇ ವಿಧಿಯಲ್ಲಿ ಬರೆದಿದೆ. ಆದ್ದರಿಂದ ಕೇಳುತ್ತಿದ್ದೇವೆ: ಹದಿನೈದು ದಿನದೊಳಗೆ ಕಾಯಂ ವೈದ್ಯರು ಬರಬೇಕು. ಬಿಪಿ, ಶುಗರ್ ಮಾತ್ರೆ ತಿಂಗಳಿಗಾಗುವಷ್ಟು ಸಿಗಬೇಕು. ವಾರದಲ್ಲಿ ಎರಡು ದಿನವಾದರೂ ಸಂಜೆ 8ರವರೆಗೆ ಕ್ಲಿನಿಕ್ ತೆರೆದಿರಬೇಕು. ನೀರಿನ ಪೈಪನ್ನು ಚರಂಡಿಯಿಂದ ಹೊರಗೆ ಹಾಕಬೇಕು. ಅದಕ್ಕೆ ಮುಂಚೆ ತಾವೇ ಒಂದು ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಬನ್ನಿ. ಇನ್ನೊಂದು ‘ಪರಿಶೀಲಿಸಲಾಗುವುದು’ ನಮಗೆ ಬೇಡ. ಹದಿನಾರನೇ ದಿನ ಕೆಲಸ ಮುಗಿಸಿ, ಸಮವಸ್ತ್ರದಲ್ಲೇ ತಮ್ಮ ಕಚೇರಿ ಮೆಟ್ಟಿಲ ಮೇಲೆ ಬಂದು ಕೂರುತ್ತೇವೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತೇವೆ.

ಇತಿ,
ಕಾಲೊನಿ ಮತ್ತು ಆಶ್ರಯ ಬಡಾವಣೆಯ ನಿವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತು ಇರುವ ಹಾಳೆಗಳನ್ನು ಲಗತ್ತಿಸಿದೆ)